ಊನ ಬಂತು, ಉಣಬಾರೊ

ರಾತ್ರಿ ಕೆಟ್ಟ ಕನಸು: ತೊಟ್ಟಿಲ ಮುಂದೆ ನಿಂತಿದ್ದೇನೆ, ಬಾಯಿಗೆ ಹಾಡೇ ಬರುತ್ತಿಲ್ಲ.

ಖಾನಾಪುರದಲ್ಲಿ ತಮ್ಮನಿಗೆ ಹೆಸರಿಡುವ ದಿನ ನಮ್ಮ ಸೋದರತ್ತೆಗೂ ಹೀಗೇ ಆಗಿತ್ತು. ನಮ್ಮಲ್ಲಿ ಪ್ರತಿ ಕೂಸಿಗೂ ಅತ್ತೆ ಹೊಸ ಜೋಗುಳ ಕಟ್ಟಬೇಕು. ಹೆಂಗಸರೆಲ್ಲ ಬಂದು ಕೂತರೂ ಮೊದಲ ಸಾಲೇ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಬಾಜು ಮನೆಯ ಮರಾಠಿ ಕಾಕು ಹಪ್ಪಳದ ಚಾಪೆ ಹೊರಗೆಳೆಯುತ್ತ, "ಊನ ಆಲ ಗ, ಊನ ಆಲ" ಎಂದು ಕೂಗಿದಳು. ಬಿಸಿಲು ಬಂತೆಂದು.

ಅತ್ತೆ ತಟ್ಟನೆ ಎದ್ದಳು. "ಸಿಕ್ತ ನೋಡ! ಊನ ಬಂತು, ಉಣಬಾರೊ ಕೂಸ!"

"ಅಲ್ರೀ ಅಕ್ಕಾ, ನನ್ನ ಬಿಸಲು ಕದ್ದಬಿಟ್ರ್ಯಲ್ಲ" ಎಂದು ಕಾಕು ನಕ್ಕಳು. ಓಣಿಯೆಲ್ಲ ಅದನ್ನೇ ಹಾಡಿತು, ನಾನು ಕುಣಿದೆ.

ನನ್ನ ಮೊಮ್ಮಗಳಿಗೆ ಸೋದರತ್ತೆ ಇಲ್ಲ, ಹೊಸದು ಕಟ್ಟಲು ನನಗೆ ಬಾರದು; ನಾಳೆ ಅವಳ ತೊಟ್ಟಿಲಿಗೆ ಅದನ್ನೇ ಹಾಡಬೇಕು. ಸೊಸೆ ನಿನ್ನೆ, "ಅತ್ತಿ, ಕನ್ನಡದಾಗ ಊನ ಅಂದ್ರ ಕೊರತಿರೀ" ಅಂದಳು. ಕೂಸಿಗೆ ಕೊರತೆ ಬಂತೆಂದು ಹಾಡಿದಂತಾದರೆ? ನಾನೋ ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಇದನ್ನು ಓದುವ ಖಾನಾಪುರದವರೇ, ಮರಾಠಿಯಲ್ಲಿ ಅದು ಬಿಸಿಲೇ ಹೌದಲ್ಲ? ಅಲ್ಲಿನ ಮರಾಠಿ ಮಂದಿಗೆ ಇನ್ನೊಮ್ಮೆ ಕೇಳಿ ಹೇಳ್ರಿ.