ಕೂದಲೆಳೆಯ ಕೊಳವೆಗೆ ಮೂರು ಪಟ್ಟೆ ವಿಭೂತಿ

ಹಾಸನದ ಕಾಲೇಜಿನಲ್ಲಿ ನನ್ನ ಮೊಮ್ಮಗಳು ಡಾಕ್ಟರೇಟ್ ಓದುತ್ತಿದ್ದಾಳೆ. ಅವಳು ಕಟ್ಟಿದ ಯಂತ್ರವನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಸುರುಳಿ ಸುತ್ತಿದ ಗಾಜಿನ ಕೊಳವೆ. ಒಳಗಿನ ತೂತು ಕೂದಲೆಳೆಯಷ್ಟು. ಅದರ ಒಳಗೋಡೆಗೆ ಪಲ್ಲಾಡಿಯಂ ಎಂಬ ಲೋಹವನ್ನು ತೆಳ್ಳಗೆ ಲೇಪಿಸಿದ್ದಾಳೆ. ಒಂದು ತುದಿಯಿಂದ ದ್ರವವನ್ನೂ ಹೈಡ್ರೋಜನ್ ಗಾಳಿಯನ್ನೂ ಒಟ್ಟಿಗೆ ಬಿಟ್ಟರೆ, ಲೇಪದ ಪಕ್ಕ ಹಾದುಹೋಗುವಾಗ ಗಾಳಿ ದ್ರವಕ್ಕೆ ಸೇರಿಕೊಂಡು ಬೇರೆ ವಸ್ತುವಾಗಿ ಆಚೆ ಬರುತ್ತದಂತೆ. ಲೇಪ ಮಾತ್ರ ಇದ್ದಲ್ಲೇ ಇರುತ್ತದೆ. ನಮ್ಮೂರು ಹಳೇಕೋಟೆಯಲ್ಲಿ ನಮ್ಮ ಮೊಸರಿನ ಮಡಕೆಯೂ ಹಾಗೇ ಇತ್ತು. ಹೆಪ್ಪು ಹಾಕುವುದು ಮರೆತರೂ ಹಾಲು ಮೊಸರಾಗುತ್ತಿತ್ತು.

"ಎಣ್ಣೆಗೆ ಈ ಗಾಳಿ ಕೂಡ್ಸೇ ವನಸ್ಪತಿ ಮಾಡೋದು ಕಣಜ್ಜಿ" ಅಂದಳು.

"ಆ ಸುಳ್ಳು ತುಪ್ಪಕ್ಕೆ ಇಷ್ಟು ವರ್ಸ ಓದ್ಬೇಕೇನೇ?"

"ನಾನು ಮಾಡೋದು ಮಾತ್ರೆಗೆ ಬೇಕಾದ್ದು. ನೀನು ಮಂಡಿನೋವಿಗೆ ನುಂಗ್ತೀಯಲ್ಲ, ಅಂಥವುಕ್ಕೆ."

"ಅದೂ ಸುಳ್ಳೇ. ನೋವು ಅಂಗೇ ಅದೆ."

ದಸರಾ ಕಳೆದ ಮೇಲೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಅವರ ಕಣ್ಣೆದುರು ಕೊಳವೆ ಕೆಲಸ ಮಾಡಿದರೆ ಮಾತ್ರ ಅವಳ ಪ್ರಬಂಧಕ್ಕೆ ಮಾರ್ಗದರ್ಶಿ ಮೇಷ್ಟ್ರ ಸಹಿ. ಇಲ್ಲದಿದ್ದರೆ ಮತ್ತೆ ಮೊದಲಿಂದ.

ಆ ಮೇಷ್ಟ್ರು ಚನ್ನರಾಯಪಟ್ಟಣದವರು. ಹೆಸರಿನ ಹಿಂದೆ ಬಾಲದ ಹಾಗೆ ಪದವಿಗಳು. ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ನಾವು ಹೋಗುವಷ್ಟರಲ್ಲಿ ಕುರ್ಚಿ, ಕಂಪ್ಯೂಟರು, ಬಾಗಿಲು ಎಲ್ಲಕ್ಕೂ ಸ್ವಂತ ಕೈಯಿಂದ ವಿಭೂತಿ ಬಳಿದು ಮುಗಿಸಿದ್ದರು. ಹಿಂದಿನ ಸಂಜೆ ಇವಳು ತೊಳೆದು ಆರಲು ಬಿಟ್ಟಿದ್ದ ಕೊಳವೆಗೂ ಮೂರು ಪಟ್ಟೆ, ನಡುವೆ ಕುಂಕುಮ, ತೆರೆದ ಬಾಯಿಗೆ ಒಂದು ಸೇವಂತಿಗೆ. ಈಗ ಹೈಡ್ರೋಜನ್ ಸಿಲಿಂಡರಿನ ಪಕ್ಕದಲ್ಲಿ ತಟ್ಟೆ ಹಿಡಿದು ಕರ್ಪೂರಕ್ಕೆ ಬೆಂಕಿಕಡ್ಡಿ ಗೀರುವುದರಲ್ಲಿದ್ದರು.

ಮೊಮ್ಮಗಳು ಓಡಿಹೋಗಿ ತಟ್ಟೆ ಕಿತ್ತುಕೊಂಡಳು. "ಸಾರ್, ಇಲ್ಲಿ ಬೆಂಕಿ ಬೇಡ."

"ದೇವರ ದೀಪ ಯಾರಿಗೂ ಕೆಟ್ಟದ್ದು ಮಾಡಲ್ಲಮ್ಮ. ನಾಲ್ಕಕ್ಷರ ಕಲಿತ ಕೂಡಲೇ ಅಹಂಕಾರ ಬರಬಾರದು."

"ಅಂಗಾರೆ ನೀವು ಹಚ್ಕಂಡು ಒಳಗೇ ಇರಿ ಸಾ" ಅಂದೆ. "ನಾವು ಗೇಟಿನಾಚೆ ನಿಂತು ಕೈ ಮುಗೀತೀವಿ."

ಕರ್ಪೂರ ಅಂಗಳದಲ್ಲಿ ಉರಿಯಿತು. ಅವರು ಮುಖ ಊದಿಸಿಕೊಂಡೇ ಪುರಿ ಹಂಚಿದರು.

ಅನಾಹುತ ಬೇರೆ ಕಡೆ ಆಗಿಹೋಗಿತ್ತು. ಅಷ್ಟು ಸಣ್ಣ ತೂತು ನೀರು ಕಂಡರೆ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಲ್ಲಿ ಕಲಸಿ ಬಾಯಿಯ ಬಳಿ ಬಳಿದ ವಿಭೂತಿಯನ್ನು ಕುಡಿದು, ಕೊಳವೆ ಒಣಗಿ ಕಟ್ಟಿಕೊಂಡಿತ್ತು. ಇವಳು ದ್ರವ ನೂಕಿದರೆ ಒಂದು ತೊಟ್ಟೂ ಆಚೆ ಬರಲಿಲ್ಲ. ಮೇಷ್ಟ್ರಿಗೆ ಹೇಳಿದರೆ, "ನೀನು ಕೊಳವೆಯ ಬಾಯಿ ಮುಚ್ಚಿಡಬೇಕಿತ್ತು" ಅಂದರಂತೆ. ತಿಂಗಳುಗಟ್ಟಲೆ ಕೂತು ಬಳಿದ ಲೇಪ. ಹುಡುಗಿ ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ವಿಭೂತಿಯ ಬಿಳುಪು ಕಾಣದಾಗುವವರೆಗೂ ಕೊಳವೆಯ ತುದಿಯನ್ನು ಚೂರುಚೂರೇ ಕತ್ತರಿಸುತ್ತಾ ಹೋದಳು. ಉಳಿದದ್ದು ಅರ್ಧಕ್ಕಿಂತ ಕಡಿಮೆ.

"ಮೋಟು ಆಗೋಯ್ತಲ್ಲೇ, ಕೆಲ್ಸ ಮಾಡ್ತದಾ?"

"ನಿಧಾನಕ್ಕೆ ಬಿಟ್ರೆ ಮಾಡ್ಬೋದಜ್ಜಿ. ದ್ರವ ಲೇಪದ ಜೊತೆ ಮೊದ್ಲಿನಷ್ಟೇ ಹೊತ್ತು ಇರಬೇಕು, ಅಷ್ಟೇ."

ಪರೀಕ್ಷಕರು ಬಂದ ದಿನ ನಾನು ಬಾಗಿಲ ಬಳಿಯ ಬೆಂಚಿನಲ್ಲಿದ್ದೆ. ದ್ರವ ಒಂದು ತುಣುಕು, ಗಾಳಿ ಒಂದು ತುಣುಕು, ಮಣಿ ಪೋಣಿಸಿದ ಹಾಗೆ ಕೊಳವೆಯಲ್ಲಿ ಹರಿಯಿತು. ಬಂದದ್ದನ್ನು ಪರೀಕ್ಷಿಸಿ ನೋಡಿ ಅವರು ಸರಿಯೆಂದು ತಲೆಯಾಡಿಸಿದರು. ಇಷ್ಟು ಗಿಡ್ಡ ಕೊಳವೆ ಯಾಕೆಂದು ಕೇಳಿದರು. ಮೊಮ್ಮಗಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಾನೇ ಹೇಳಿದೆ, ಚಿಕ್ಕದು ಮಾಡು ಅಂತ" ಅಂದರು. "ಜೊತೆಗೆ ಪೂಜೆ ಬೇರೆ ಮಾಡಿಸಿದ್ದೆವು, ಅಲ್ವೇನಮ್ಮ?"

"ಹೌದು ಸಾರ್" ಅಂದಳು.

ಬಸ್ಸಿನಲ್ಲಿ ಕೇಳಿದೆ. "ಬಾಯಾಗೇನು ಕಡ್ಬು ಇಟ್ಕಂಡಿದ್ಯಾ? ಹೌದು ಅಂದ್ಬುಟ್ಯಲ್ಲೇ."

"ಸಹಿ ಇನ್ನೂ ಹಾಕಿಲ್ಲಜ್ಜಿ" ಅಂದಳು, ಕಿಟಕಿಯ ಕಡೆ ತಿರುಗಿ.