ಉಡದ ಸೀರೆಯ ದಿಂಬು

ಹಳ್ಳಿ ಹೆಂಗಸರಿಗೆ ಹೊಲಿಗೆ ಕೆಲಸ ಕೊಡುವ ತಿ. ನರಸೀಪುರದ ಸಂಸ್ಥೆಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಹಳೇ ಬಟ್ಟೆ ಚೂರುಗಳನ್ನು ಜೋಡಿಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ದಿಂಬಿನ ಕವರುಗಳನ್ನು ಮೈಸೂರಿನ ಅಂಗಡಿಗೆ ಕಳಿಸುತ್ತಿದ್ದೆವು. ಒಂದು ಸಲ ಅಂಗಡಿಯವರು ಅಷ್ಟನ್ನೂ ವಾಪಸ್ ಕಳಿಸಿದರು. ಯಾರು ಉಟ್ಟು ಬಿಟ್ಟಿದ್ದೋ ಏನೋ, ಅದರ ಮೇಲೆ ತಲೆ ಇಡೋದು ಹೇಗೆ ಅಂತ ಗಿರಾಕಿಗಳು ಕೇಳಿದರಂತೆ. ನಮ್ಮ ಆಫೀಸು ತಕ್ಷಣ ರೂಲ್ಸ್ ಮಾಡಿತು: ಇನ್ನು ಮೇಲೆ ಹೊಸ ಬಟ್ಟೆಯ ಚೂರುಗಳೇ ಆಗಬೇಕು.

ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಕವರು ಹೊಲಿಯುತ್ತಿದ್ದ ಚಿಕ್ಕತಾಯಮ್ಮನವರಿಗೆ ಇದನ್ನು ಹೇಳಿದೆ. ಅವರು ನಕ್ಕರು.

“ಒಸ ಬಟ್ಟೆನ ಯಾರಾದ್ರೂ ಕತ್ತರಿಸ್ತಾರಾ ಸಾ?”

“ರೂಲ್ಸು ಕಣಮ್ಮ” ಅಂದೆ. ಬಟ್ಟೆ ಆಫೀಸೇ ಕೊಡುತ್ತೆ ಅನ್ನುವುದನ್ನು ಹೇಳಲು ಮರೆತು ಬಸ್ ಹತ್ತಿದೆ.

ಮುಂದಿನ ವಾರ ಅವರು ಎರಡು ಕವರು ಕೈಗಿಟ್ಟರು. ಹಸಿರು ಚೂರು, ಕೆಂಪಂಚಿನ ಚೂರು. ಬಟ್ಟೆಯ ಗಂಜಿ ಇನ್ನೂ ಬಿಟ್ಟಿರಲಿಲ್ಲ. ಎಲ್ಲಿಂದ ತಂದಿರಿ ಎಂದು ಕೇಳಿದೆ.

“ಮಗಳ ಮದ್ವೇಲಿ ಬೀಗ್ರು ಕೊಟ್ಟಿದ್ ಸೀರೆ. ಉಡ್ದೆ ಟ್ರಂಕಲ್ಲಿ ಮಡಗಿದ್ದೆ. ನೀವೇ ಒಸದೇ ಬೇಕು ಅಂದ್ರಲ್ಲ ಸಾ.”

ಅಂಗಡಿಯವರು ಅವನ್ನೂ ವಾಪಸ್ ಕಳಿಸಿದರು. ಚೂರು ಬಟ್ಟೆ ಜೋಡಿಸಿದ ಹಾಗೆ ಕಾಣಲ್ಲ, ಯಾರೋ ಒಳ್ಳೇ ಸೀರೆ ಹಾಳು ಮಾಡಿದ ಹಾಗಿದೆ ಅಂದರು.

ಚಿಕ್ಕತಾಯಮ್ಮನವರಿಗೆ ಇದನ್ನು ಹೇಳುವ ಮುಖ ನನಗಿರಲಿಲ್ಲ. ಎರಡನ್ನೂ ನಾನೇ ಕೊಂಡು ಮನೆಗೆ ತಂದೆ. ಗಿರಾಕಿಗಳಿಗೆ ಯಾರೋ ಉಟ್ಟ ಬಟ್ಟೆಯ ಮೇಲೆ ತಲೆ ಇಡಲು ಆಗಲಿಲ್ಲ. ನನಗೆ ಯಾರೂ ಉಡದ ಈ ಸೀರೆಯ ಮೇಲೆ ಆಗುತ್ತಿಲ್ಲ. ಇವತ್ತಿಗೂ ಅವು ಹೊಸದಾಗಿಯೇ ಇವೆ, ನನ್ನ ಟ್ರಂಕಿನಲ್ಲಿ.