ಏಳನೇ ಬಿ ಸೆಕ್ಷನ್ನಿನ ಖಾಲಿ ಶೀಟು ಮತ್ತು ನಮ್ಮ ಶಾಂತಕ್ಕ

ಇಲ್ಲ... ನಂಬಲು ಆಗುತ್ತಿಲ್ಲ...

ಬೆಳಿಗ್ಗೆ ಶಾಂತಕ್ಕನ ಮಗಳ ಮೆಸೇಜ್ ಬಂತು.
"ಅಮ್ಮ ಹೋದಳು ಆಂಟಿ."
ಅಷ್ಟೇ.

ಹೋದ ವಾರ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ್ದೆವು. ಮಂಡಿ ನೋವು, ಮೊಮ್ಮಗಳ ಶಾಲೆ, ಇನ್ನೂ ಏನೇನೋ...

ನಮ್ಮ ಹಳೇ ಶಾಲೆಯ ಟೀಚರ್‌ಗಳ ಈ ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಇಮೋಜಿ ಹಾಕುತ್ತಿದ್ದಾರೆ. ನನಗೆ ಆಗಲಿಲ್ಲ.
ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ವಿಷಯವಿದೆ. ಅದನ್ನು ಹೇಳದೆ ಅವರ ಫೋಟೋ ಹಾಕುವ ಯೋಗ್ಯತೆ ನನಗಿಲ್ಲ.

ತೊಂಬತ್ತರ ದಶಕ. ಕೊಚ್ಚಿ.
ನನ್ನ ಯಜಮಾನರು ಕಸ್ಟಮ್ಸ್‌ನಲ್ಲಿ, ಅವರ ಯಜಮಾನರು ಬ್ಯಾಂಕಿನಲ್ಲಿ. ನಾನು ಮೈಸೂರಿನವಳು, ಅವರು ಧಾರವಾಡದವರು.
ಒಂದೇ ಶಾಲೆಯಲ್ಲಿ ಇಬ್ಬರೂ ಇಂಗ್ಲಿಷ್ ಟೀಚರ್. ಏಳನೇ ಎ ಸೆಕ್ಷನ್ ಅವರದು, ಬಿ ನನ್ನದು.

ಆರು ವಾರಕ್ಕೊಮ್ಮೆ ರೀಡಿಂಗ್ ಟೆಸ್ಟ್ ಶುರು ಮಾಡಿದವರು ಶಾಂತಕ್ಕ.
ಪಠ್ಯದಲ್ಲಿಲ್ಲದ ಅರ್ಧ ಪುಟ. ಒಂದೊಂದೇ ಮಗು ಪಕ್ಕದಲ್ಲಿ ಕೂತು ಓದಬೇಕು. ಆಮೇಲೆ ಮೂರು ಪ್ರಶ್ನೆ.
ಯಾರು ಉದ್ದ ಪದಗಳಲ್ಲಿ ಎಡವುತ್ತಾರೆ... ಯಾರು ನ್ಯೂಸ್ ರೀಡರ್ ಥರ ಗಡಗಡ ಓದಿ, ಏನು ಓದಿದೆ ಎಂದು ಕೇಳಿದರೆ ಸೀಲಿಂಗ್ ನೋಡುತ್ತಾರೆ...
ಎಲ್ಲ ಬರೆದುಕೊಂಡು ಮಕ್ಕಳನ್ನು ಗುಂಪು ಮಾಡುತ್ತಿದ್ದರು. ಮುಂದಿನ ಆರು ವಾರ ಯಾವ ಗುಂಪಿಗೆ ಏನು ಬೇಕೋ ಆ ಪಾಠ.

"ಈ ಮಾರ್ಕ್ಸ್ ಹುಡುಗ್ರಿಗೆ ಅಲ್ರೀ, ನಮಗ. ನಾಳೆ ಏನ್ ಕಲಿಸಬೇಕು ಅಂತ ಇದು ಹೇಳ್ತದ" ಎನ್ನುತ್ತಿದ್ದರು.

ನನಗೆ ಅದು ತಲೆನೋವು. ನಲವತ್ತೆರಡು ಮಕ್ಕಳು, ಮುಗಿಯದ ಪೋರ್ಷನ್...
ಎರಡನೇ ಟೆಸ್ಟಿನ ಹೊತ್ತಿಗೆ ನಾನು ಒಂದು ಮಗುವನ್ನೂ ಓದಿಸಲಿಲ್ಲ.
ಲೈಬ್ರರಿಯಲ್ಲಿ ಕೂತು ಇಡೀ ಶೀಟನ್ನು ಅಂದಾಜಿನಲ್ಲಿ ತುಂಬಿದೆ. ಇವನಿಗೆ ಆರು, ಇವಳಿಗೆ ಎಂಟು...

ಶುಕ್ರವಾರ ಆಡಳಿತ ಮಂಡಳಿಯವರು ಬರುವವರಿದ್ದರು. ಟೆಸ್ಟ್‌ಗೆಂದು ಕೊಟ್ಟ ಪೀರಿಯಡ್ ಮುಂದುವರಿಸಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನ.
ಗುರುವಾರ ಸ್ಟಾಫ್ ರೂಮಿನಲ್ಲಿ ಶಾಂತಕ್ಕ ನನ್ನ ಶೀಟಿನ ಮೇಲೆ ಬೆರಳಿಟ್ಟರು.

"ಶೈನಿಗೆ ಹತ್ತಕ್ಕ ಎಂಟು ಹಾಕೀರಿ. ಯಾವಾಗ ಓದಿಸಿದ್ರಿ?"

"ಹೋದ ವಾರ..."

"ಹೋದ ವಾರ ಆಕಿ ಸಾಲಿಗೇ ಬಂದಿಲ್ಲಲ್ರೀ. ಚಿಕನ್ ಪಾಕ್ಸ್ ಆಗಿ ಮನ್ಯಾಗ ಮಲ್ಕೊಂಡಿದ್ಲು."



"ಉಳಿದವ್ರನ್ನರೆ ಓದಿಸೀರೇನು, ಗೀತಾ?"

"ಇಲ್ಲ ಶಾಂತಕ್ಕ..."

ಅವರು ಬೈಯಲಿಲ್ಲ. ಶೀಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಕ್ಲಾಸಿಗೆ ಹೋದರು.


ಶುಕ್ರವಾರ ಮೀಟಿಂಗ್. ಪ್ರಿನ್ಸಿಪಾಲ್ ಫೈಲ್ ತೆರೆದರು. ಎ ಸೆಕ್ಷನ್ ಶೀಟು ತುಂಬಿತ್ತು. ಬಿ ಸೆಕ್ಷನ್ನಿನದು ನಾನು ತುಂಬಿದ ಶೀಟಲ್ಲ, ಬೇರೆಯದು... ಬರೀ ಹೆಸರುಗಳು. ಮುಂದೆ ಎಲ್ಲ ಖಾಲಿ.

"ಎಂದಾ ಟೀಚರೇ ಇದು?" ಏನಿದು ಎಂದು ಪ್ರಿನ್ಸಿಪಾಲ್ ಮಲಯಾಳದಲ್ಲೇ ಕೇಳಿದರು. ಸಿಟ್ಟು ಬಂದರೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಶಾಂತಕ್ಕ ಎದ್ದು ನಿಂತರು.
"ಸೆವೆನ್ ಬಿ ಟೆಸ್ಟ್ ಈಸ್ ನಾಟ್ ಡನ್ ಸರ್. ಐ ಆ್ಯಮ್ ದ ಕೋಆರ್ಡಿನೇಟರ್. ಇಟ್ ಈಸ್ ಮೈ ರೆಸ್ಪಾನ್ಸಿಬಿಲಿಟಿ."

ನಾನು ಎರಡು ಕುರ್ಚಿ ಆಚೆ ಕೂತಿದ್ದೆ.
ಮಂಡಳಿಯ ಹಿರಿಯರೊಬ್ಬರು ಕೇಳಿದರು, ಮಾಡದ ಟೆಸ್ಟ್‌ಗೆ ಪೀರಿಯಡ್ ಯಾಕೆ ಎಂದು.
ಆಗಲೂ ಎದ್ದು ನಿಲ್ಲಬಹುದಿತ್ತು. ನಾಲ್ಕು ಮಾತು ಸಾಕಿತ್ತು...
ನಿಲ್ಲಲಿಲ್ಲ.

ಶಾಂತಕ್ಕ... ಅವತ್ತು ನೀವು ನನ್ನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಎಲ್ಲರಿಗೂ ತಿಳಿದುಬಿಡುತ್ತಿತ್ತು.
ಕೋಆರ್ಡಿನೇಟರ್ ಕೆಲಸ ಹೋಯಿತು. ಟೆಸ್ಟಿನ ಪೀರಿಯಡ್ ಹೋಯಿತು. ನಿಮ್ಮ ಫೈಲಿಗೆ ಮೆಮೋ ಸೇರಿತು.
ನಾನು ಹಾಕಿದ ಸುಳ್ಳು ಅಂಕಿಗಳು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ...

ಸೋಮವಾರ ನಿಮ್ಮ ಫ್ರೀ ಪೀರಿಯಡ್‌ನಲ್ಲಿ ನನ್ನ ಕ್ಲಾಸಿನ ಬಾಗಿಲಿಗೆ ಬಂದಿರಿ.
"ವರಾಂಡಾದಾಗ ಎರಡು ಕುರ್ಚಿ ಹಾಕ್ರಿ. ನೀವು ಓದಿಸ್ರಿ, ಕ್ಲಾಸ್ ನಾ ನೋಡ್ಕೋತೀನಿ."
ಮುಖ ಬಿಗಿದೇ ಇತ್ತು.

ಶೈನಿ ವಾಪಸ್ ಬಂದ ಮೇಲೆ ಅವಳನ್ನೂ ಕೂರಿಸಿದೆ. ಅವಳ ಅಪ್ಪ ಪೋರ್ಟಿನಲ್ಲಿ ಕ್ರೇನ್ ಆಪರೇಟರ್. ದಿನಾ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ ಬಸ್ಸಿನಲ್ಲಿ ಬರುವ ಹುಡುಗಿ 'ಐಲ್ಯಾಂಡ್' ಎಂಬ ಪದವನ್ನು 'ಇಸ್‌ಲ್ಯಾಂಡ್' ಎಂದು ಓದಿ, ಅಲ್ಲೇ ನಿಂತುಬಿಟ್ಟಳು. ಮುಂದಿನ ಸಾಲು ಬರಲೇ ಇಲ್ಲ.
ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ ಇವಳು ಬರೀ ತುಟಿ ಆಡಿಸುತ್ತಿದ್ದಳು.
ನಾನು ಎಂಟು ಕೊಟ್ಟ ಮಗು ಇದು...

ಅವಳಂಥವರು ಹನ್ನೊಂದು ಮಂದಿ ಸಿಕ್ಕರು. ಅವರಿಗೆಂದು ದಿನಾ ಹದಿನೈದು ನಿಮಿಷ ಬೇರೆ ಪಾಠ. ಪದ ಒಡೆದು ಓದುವುದು, ಒಂದು ಪ್ಯಾರಾ, ಒಂದು ಪ್ರಶ್ನೆ. ಆರು ವಾರಕ್ಕೆ ಮತ್ತೆ ವರಾಂಡಾ, ಮತ್ತೆ ಹೊಸ ಗುಂಪು.
ಫೆಬ್ರವರಿಯಲ್ಲಿ ಶೈನಿ ಅರ್ಧ ಪುಟ ಓದಿದಳು. ತಡವರಿಸುತ್ತಾ... ಆದರೆ ನಿಲ್ಲಲಿಲ್ಲ. ಮೂರರಲ್ಲಿ ಎರಡು ಉತ್ತರ ಸರಿ.
ನಾನು ಮುಖ ಮರೆಸಿಕೊಂಡು ಬಾತ್‌ರೂಮಿಗೆ ಹೋದೆ.

ಆ ಬೇಸಿಗೆಯಲ್ಲಿ ಶಾಂತಕ್ಕನ ಯಜಮಾನರಿಗೆ ತಿರುವನಂತಪುರಕ್ಕೆ ಟ್ರಾನ್ಸ್‌ಫರ್.
ಪ್ರಿನ್ಸಿಪಾಲರಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಹೇಳಲಿಲ್ಲ. ಮೆಮೋ ಹಾಗೇ ಉಳಿಯಿತು.

ಮರುವರ್ಷ ತಿರುವನಂತಪುರದ ಪಟ್ಟಂನಲ್ಲಿದ್ದ ಶಾಂತಕ್ಕನ ಫ್ಲ್ಯಾಟಿಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕೂತರು. ಕ್ಷಮಿಸಿ ಎಂದೆ.
ಪರವಾಗಿಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ.

"ಸಿಟ್ಟು ಬಂದಿತ್ತು ಗೀತಾ. ಭಾಳ ಬಂದಿತ್ತು. ನಿಮ್ಮ ಮಾರಿನೂ ನೋಡಬಾರದು ಅನಿಸಿತ್ತು" ಎಂದರು.

"ಮತ್ತೆ ಸೋಮವಾರ ಯಾಕೆ ಬಂದ್ರಿ ಶಾಂತಕ್ಕ?"

"ನಿಮ್ಮ ಸಲುವಾಗಿ ಬಂದಿಲ್ರೀ. ಒಳಗ ನಲವತ್ತೆರಡು ಹುಡುಗ್ರು ಕೂತಿದ್ರಲ್ಲ."

ನಾವು ಗೆಳತಿಯರಾದದ್ದು ಅಲ್ಲಿಂದ ಈಚೆಗೆ...

ಆ ಖಾಲಿ ಶೀಟು ನನ್ನದು. ಶಾಂತಕ್ಕನದಲ್ಲ. ಆಗ ಜೊತೆಗಿದ್ದವರು ಈ ಗ್ರೂಪಿನಲ್ಲಿ ಬಹಳ ಜನ ಇದ್ದೀರಿ. ದಯವಿಟ್ಟು ತಿಳಿದುಕೊಳ್ಳಿ.

ಹೋಗಿ ಬನ್ನಿ ಶಾಂತಕ್ಕ...
ಬಹಳ ದುಡಿದಿರಿ. ನಿಮ್ಮ ಜೀವಕ್ಕೆ ಇನ್ನು ತಂಪಾದ ನೆಮ್ಮದಿ ಸಿಗಲಿ.